ಎಣ್ಣೆಯ ರಟ್ಟೆ, ಕರೆಂಟಿನ ಬೆರಳು

ಟಿಪ್ಪರಿನ ಹೊಟ್ಟೆಯಡಿಯಿಂದ ಬಿಚ್ಚಿದ ಜಾಕು ಎರಡು ಮರದ ದಿಮ್ಮಿಗಳ ಮೇಲೆ ಅಡ್ಡ ಮಲಗಿದೆ. ಮೈತುಂಬ ಅದಿರಿನ ಕೆಂಪು ಧೂಳು. ಒಳಗಿನಿಂದ ಈಚೆಗೆಳೆದ ರಾಡು ಮಾತ್ರ ಕನ್ನಡಿಯಂತೆ ಹೊಳೆಯುತ್ತಿದೆ. ಮೇಸ್ತ್ರಿ ಹಳೆಯ ಬನಿಯನ್ನಿನ ತುಂಡಿನಿಂದ ಅದನ್ನು ಒರೆಸಿದರು. ಹೆಬ್ಬೆರಳಿನ ಉಗುರನ್ನು ರಾಡಿನುದ್ದಕ್ಕೂ ಮೆಲ್ಲಗೆ ಎಳೆಯುತ್ತ ಬಂದರು. ಮುಕ್ಕಾಲು ದಾರಿಯಲ್ಲಿ ಉಗುರು ತಡೆಯಿತು.

“ಇಲ್ಲೈತಿ ನೋಡ್ರಿ.”

ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಅವರೇ ನನ್ನ ಬೆರಳು ಹಿಡಿದು ಮುಟ್ಟಿಸಿದರು. ಕೂದಲೆಳೆಯಷ್ಟು ಗೀರು. ರಾಡು ಒಳಗೆ ಹೋಗಿ ಬರುವಾಗಲೆಲ್ಲ ಈ ಗೀರಿನಲ್ಲಿ ಕೂತ ಧೂಳು ರಬ್ಬರ್ ಸೀಲನ್ನು ಕೊರೆಯುತ್ತದೆ. ಸೀಲು ಹರಿದರೆ ಎಣ್ಣೆ ಜಿನುಗುತ್ತದೆ, ಎತ್ತಿ ನಿಲ್ಲಿಸಿದ ಡಾಲಾ, ಎಂದರೆ ಟಿಪ್ಪರಿನ ಹಿಂದಿನ ತೊಟ್ಟಿ, ತಾನಾಗಿಯೇ ಕುಸಿಯುತ್ತದೆ.

ಗೋವಾದ ವಾಸ್ಕೋದಿಂದ ವೆರ್ಣಾಕ್ಕೆ ಹೋಗುವ ದಾರಿಯಲ್ಲಿ, ಝುವಾರಿನಗರದ ಮಗ್ಗುಲಲ್ಲಿರುವ ತಗಡಿನ ಶೆಡ್ಡು ಇದು. ಮಳೆಗಾಲ ಆಗಷ್ಟೇ ಮುಗಿದು ಗಾಡಿಗಳು ಒಂದೊಂದಾಗಿ ರಿಪೇರಿಗೆ ಬರುತ್ತಿವೆ. ಮೇಸ್ತ್ರಿ ಬಾಗಲಕೋಟೆ ಕಡೆಯವರು. ಜೊತೆಗೆ ಇಬ್ಬರು ಹುಡುಗರು: ಒಬ್ಬ ವಿಜಯಪುರದಿಂದ ಬಂದವನು, ಇನ್ನೊಬ್ಬ ಇಲ್ಲೇ ಹುಟ್ಟಿದವನು. ಡ್ರೈವರನ ಜೊತೆ ಕೊಂಕಣಿ, ಅಂಗಡಿಯವನ ಜೊತೆ ಹಿಂದಿ, ಪಾನಾ ಕೇಳುವಾಗ ಕನ್ನಡ. ಗೋಡೆಗೆ ಹೋಸ್ ಪೈಪುಗಳು ಸುರುಳಿ ಸುತ್ತಿ ನೇತಾಡುತ್ತಿವೆ, ಮೂಲೆಯಲ್ಲಿ 68 ನಂಬರಿನ ಎಣ್ಣೆಯ ಬ್ಯಾರಲ್. ಇಡೀ ಶೆಡ್ಡಿಗೆ ಅದರದೇ ವಾಸನೆ.

ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ‘ಬಾರ್’. ಎಷ್ಟು ಬಾರ್ ಬರುತ್ತಿದೆ, ಎಷ್ಟಕ್ಕೆ ಬಿಡುತ್ತಿದೆ. 200 ಬಾರ್ ಎಂದರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು 200 ಕಿಲೋ ಭಾರ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಪಾಸ್ಕಲ್ ಹೇಳಿದ್ದು 17ನೇ ಶತಮಾನದಲ್ಲಿ. ಜೋಸೆಫ್ ಬ್ರಾಮಾ ಅದನ್ನು ಒತ್ತುಯಂತ್ರವಾಗಿಸಿ ಪೇಟೆಂಟ್ ಪಡೆದದ್ದು 1795ರಲ್ಲಿ. ಅಂಗೈಯಗಲದ, 10 ಸೆಂಟಿಮೀಟರ್ ವ್ಯಾಸದ ಪಿಸ್ಟನ್ನಿನ ಹಿಂದೆ 200 ಬಾರ್ ನಿಂತರೆ ಅದು ಎತ್ತುವುದು 16 ಟನ್. ಈ ಲೆಕ್ಕ ನನಗೆ ಹಳೆಯದೇ. ಆದರೂ ಆ ಬೆಳ್ಳಿ ರಾಡಿನ ಪಕ್ಕ ಕೂತು ಗುಣಿಸಿದಾಗ ಮೈ ಜುಂ ಎಂದಿತು.

ಶಕ್ತಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸುವುದು ಎಣ್ಣೆಯ ತಾಳ್ಮೆ. ಡಾಲಾ ಮೇಲೆತ್ತಿ ವಾಲ್ವ್ ಮುಚ್ಚಿ, ಇಂಜಿನ್ ಆರಿಸಿ: ಎಣ್ಣೆ ಹೋಗಲು ದಾರಿಯಿಲ್ಲ, ಭಾರ ಅಲ್ಲೇ ನಿಲ್ಲುತ್ತದೆ. ಹನಿ ಡೀಸೆಲ್ ಬೇಡ, ಕರೆಂಟಿನ ಒಂದು ಯೂನಿಟ್ ಬೇಡ. ಮೋಟರು ಬರಿಯ ತನ್ನ ಬಲದಿಂದ ಹಾಗೆ ನಿಲ್ಲಬೇಕೆಂದರೆ ಉದ್ದಕ್ಕೂ ಕರೆಂಟು ತಿನ್ನುತ್ತ, ಬಿಸಿಯಾಗುತ್ತ ನಿಲ್ಲಬೇಕು, ಇಲ್ಲವೇ ಬ್ರೇಕು ಬೇಕು. ಹಾಗೆಂದು ಮೇಸ್ತ್ರಿ ಎತ್ತಿದ ಡಾಲಾದ ಕೆಳಗೆ ಸುಮ್ಮನೆ ನುಗ್ಗುವವರಲ್ಲ. ಮೊದಲು ಕಬ್ಬಿಣದ ಊರುಗೋಲು ಕೊಡುತ್ತಾರೆ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಹುಡುಕಲು ಕೈ ಆಡಿಸಲು ಯಾರನ್ನೂ ಬಿಡುವುದಿಲ್ಲ, ರಟ್ಟಿನ ತುಂಡು ಹಿಡಿಸುತ್ತಾರೆ. ಅಷ್ಟು ಒತ್ತಡದ ಎಣ್ಣೆ ಚರ್ಮ ಸೀಳಿ ಒಳಗಿಳಿದರೆ ಮೊದಲಿಗೆ ಇರುವೆ ಕಚ್ಚಿದಂತೆ ಅನಿಸುತ್ತದೆಯಷ್ಟೆ. ಆಸ್ಪತ್ರೆಗೆ ಹೋಗಲು ತಡವಾದರೆ ಬೆರಳೇ ಹೋದೀತು.

ಗೋವಾದ ಗಣಿಗಳು ನಡೆದದ್ದು ಈ ರಟ್ಟೆಯ ಮೇಲೆ. ಸಾವರ್ಡೆ, ಕುಡಚಡೆಯ ಕಡೆ ಗುಡ್ಡ ಅಗೆದ ಎಕ್ಸ್‌ಕವೇಟರ್‌ಗಳ ತೋಳು, ನದಿಯ ದಂಡೆಗೆ ಅದಿರು ತಂದು ಸುರಿದ ಟಿಪ್ಪರಿನ ಜಾಕು, ಎಲ್ಲವೂ ಎಣ್ಣೆಯವೇ. ಅಂಥ ಯಂತ್ರಗಳನ್ನು ಕಟ್ಟುವ ಟಾಟಾ ಹಿಟಾಚಿಯ ಕಾರ್ಖಾನೆ ನಮ್ಮ ಧಾರವಾಡದಲ್ಲಿದೆ. ಘಟ್ಟದ ಮೇಲಿನ ಬೆಳಗಾವಿಯಂತೂ ಹೈಡ್ರಾಲಿಕ್ಸ್‌ನ ಊರು. ಸುರೇಶ್ ಹುಂದ್ರೆ ಕಟ್ಟಿದ ಪಾಲಿಹೈಡ್ರಾನ್ ಅಲ್ಲಿಯದು, ಪಂಪು ಮತ್ತು ವಾಲ್ವುಗಳದೇ ಅದರ ಉದ್ಯೋಗ. 2012ರಲ್ಲಿ ಒಮ್ಮೆ, 2018ರ ಮಾರ್ಚಿನಲ್ಲಿ ಮತ್ತೊಮ್ಮೆ ಗಣಿ ನಿಂತಾಗ ಟಿಪ್ಪರುಗಳು ಸಾಲಾಗಿ ಬಯಲಲ್ಲಿ ನಿಂತವು. ನಿಂತ ಜಾಕಿಗೆ ಕೆಲಸ ಮಾಡುವ ಜಾಕಿಗಿಂತ ಬೇಗ ಕೇಡು. ಉಪ್ಪುಗಾಳಿಗೆ ರಾಡು ತುಕ್ಕು ಹಿಡಿಯುತ್ತದೆ, ಸೀಲು ಒಣಗಿ ಬಿರಿಯುತ್ತದೆ. ಆ ವರ್ಷಗಳ ಮಾತು ತೆಗೆದರೆ ಮೇಸ್ತ್ರಿ ಸೀಲ್ ಕಿಟ್ಟಿನ ಪೊಟ್ಟಣ ಬಿಡಿಸುವುದರಲ್ಲಿ ಮುಳುಗಿಬಿಡುತ್ತಾರೆ.

ಅದೇ ಮಧ್ಯಾಹ್ನ, ನಾಲ್ಕಾರು ಮೈಲಿ ಆಚೆ, ವೆರ್ಣಾ ಕೈಗಾರಿಕಾ ವಸಾಹತಿನ ಬೇರೆಯೇ ಲೋಕ. ಔಷಧದ ಸೀಸೆಗಳಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕೋಣೆಗೆ ತಲೆಗೆ ಟೊಪ್ಪಿ, ಕಾಲಿಗೆ ಚೀಲ ಹಾಕಿಕೊಂಡು ಹೋಗಬೇಕು. ಬಿಳಿ ನೆಲ, ಒಂದು ಹನಿ ಎಣ್ಣೆಯಿಲ್ಲ. ಯಂತ್ರದ ಅಚ್ಚು ಮುಚ್ಚುವುದೂ ತೆರೆಯುವುದೂ ಸರ್ವೋ ಮೋಟರಿನ ಕೆಲಸ. ಮೋಟರು ಬಾಲ್ ಸ್ಕ್ರೂ ತಿರುಗಿಸುತ್ತದೆ, ಅಚ್ಚು ಬೆಳಗಿನಿಂದ ಸಂಜೆಯವರೆಗೂ ಅದೇ ಗುರುತಿಗೆ ಬಂದು ನಿಲ್ಲುತ್ತದೆ. ಸದ್ದೆಂದರೆ ಹಗೂರದ ಗುಂಯ್, ಆಮೇಲೆ ಮುಚ್ಚಳಗಳು ಟ್ರೇಗೆ ಬೀಳುವ ಪಟಪಟ. ಹಳೆಯ ಹೈಡ್ರಾಲಿಕ್ ಯಂತ್ರದಲ್ಲಿ ಕೆಲಸವಿರಲಿ ಬಿಡಲಿ ಪಂಪು ದಿನವಿಡೀ ತಿರುಗುತ್ತಿತ್ತು. ಬೇಡದ ಎಣ್ಣೆ ರಿಲೀಫ್ ವಾಲ್ವಿನಿಂದ ಟ್ಯಾಂಕಿಗೆ ಮರಳುತ್ತ ಕಾಯುತ್ತಿತ್ತು, ಅದನ್ನು ತಣಿಸಲು ಮತ್ತೆ ನೀರು ಬೇಕಿತ್ತು. ಅಷ್ಟು ವಿದ್ಯುತ್ತು ಬರೀ ಬಿಸಿಯಾಗಿ ಹೋಗುತ್ತಿತ್ತು. ಇಂಥ ಕಡೆ ಎಣ್ಣೆ ಜಾಗ ಬಿಟ್ಟುಕೊಟ್ಟಿದ್ದು ನ್ಯಾಯವೇ.

ಆದರೆ ಈ ಬಾಲ್ ಸ್ಕ್ರೂವನ್ನು ಗಣಿಯ ಬಕೆಟ್ಟಿಗೆ ಕಟ್ಟಿ ನೋಡಿ. ಬಕೆಟ್ಟಿನ ಹಲ್ಲು ಬಂಡೆಗೆ ಬಡಿದ ಪೆಟ್ಟನ್ನೆಲ್ಲ ಸ್ಕ್ರೂವಿನ ಮೇಲೆ ಉರುಳುವ ಕೆಲವೇ ಉಕ್ಕಿನ ಗುಂಡುಗಳು ತಿನ್ನಬೇಕು. ಒಂದೇ ಜಾಗದಲ್ಲಿ ಕುಳಿ ಬಿದ್ದರೆ ಸ್ಕ್ರೂವಿನ ಆಯಸ್ಸು ಮುಗಿಯಿತು. ಎಣ್ಣೆಯಾದರೆ ರಿಲೀಫ್ ವಾಲ್ವನ್ನು ತೆರೆದು ಪೆಟ್ಟು ನುಂಗಿ ಮತ್ತೆ ದೂಡಲು ನಿಲ್ಲುತ್ತದೆ.

ಎಣ್ಣೆಯ ಕಾಲ ಮುಗಿಯಿತು, ಇನ್ನೆಲ್ಲ ಕರೆಂಟೇ ಎನ್ನುವವರನ್ನು ನಾನು ಹಡಗಿನ ಚುಕ್ಕಾಣಿ ಕೋಣೆಗೆ ಕರೆದೊಯ್ಯಲು ಇಷ್ಟಪಡುತ್ತೇನೆ. ಮುರಗಾಂವ್ ಬಂದರಿನಲ್ಲಿ ನಿಂತ ಹಡಗೊಂದರ ತೀರಾ ಹಿಂಬದಿಯ ಆ ಕೋಣೆಗೆ ಏಣಿಯಲ್ಲಿ ಇಳಿದಿದ್ದೆ. ನಡುವೆ ಚುಕ್ಕಾಣಿಯ ದಪ್ಪ ಕಂಬ, ಅದನ್ನು ಎರಡು ಕಡೆಯಿಂದ ತಬ್ಬಿದ ಜೋಡಿ ಜಾಕುಗಳು, ಪಕ್ಕದಲ್ಲಿ ಎರಡು ವಿದ್ಯುತ್ ಮೋಟರು, ಎರಡು ಪಂಪು. ಒಂದು ಕೆಟ್ಟರೆ ಇನ್ನೊಂದು. ಹೊರಡುವ ಮುಂಚಿನ ಪರೀಕ್ಷೆ ನಡೆದಿತ್ತು. ಮೇಲಿನಿಂದ ಫೋನಿನಲ್ಲಿ ಅಪ್ಪಣೆ ಬಂತು, ಸಣ್ಣ ಕರೆಂಟು ವಾಲ್ವನ್ನು ಮಿಸುಕಿಸಿತು, ಎಣ್ಣೆ ನುಗ್ಗಿತು, ಆನೆ ಮಗ್ಗುಲು ಬದಲಿಸಿದಂತೆ ಕಂಬ ಹೊರಳಿತು. ಪೂರ್ಣ ವೇಗದಲ್ಲಿ ಹೋಗುವಾಗಲೂ ಚುಕ್ಕಾಣಿ ಒಂದು ಬದಿಯ 35 ಡಿಗ್ರಿಯಿಂದ ಇನ್ನೊಂದು ಬದಿಯ 30 ಡಿಗ್ರಿಗೆ 28 ಸೆಕೆಂಡಿನೊಳಗೆ ತಿರುಗಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಹೇಳುವುದು ಕರೆಂಟು, ಹೊರುವುದು ಎಣ್ಣೆ. ಆ ಎಣ್ಣೆಯನ್ನು ಓಡಿಸುವುದು ಮತ್ತೆ ಕರೆಂಟೇ.

ಈ ಕೂಡುಬಾಳು ಝುವಾರಿ ದಂಡೆಯುದ್ದಕ್ಕೂ ಕಾಣುತ್ತದೆ. ಪೋರ್ಚುಗೀಸರ ಕಾಲದಲ್ಲಿ, 1957ರಲ್ಲಿ ಶುರುವಾದ ಗೋವಾ ಶಿಪ್‌ಯಾರ್ಡ್‌ನಲ್ಲಿ ಹಡಗೆತ್ತುವ ಲಿಫ್ಟ್ ಇದೆ. ಕಾರವಾರದ ಕದಂಬ ನೌಕಾನೆಲೆಯದು ಇನ್ನೂ ದೊಡ್ಡದು, 10,000 ಟನ್ನಿನದು. ಇಂಥ ಲಿಫ್ಟುಗಳಲ್ಲಿ ವೇದಿಕೆಯ ಎರಡೂ ಬದಿಯ ವಿದ್ಯುತ್ ವಿಂಚುಗಳು ಒಂದೇ ಲಯದಲ್ಲಿ ಹಗ್ಗ ಸುತ್ತಿ ಹಡಗನ್ನು ನೀರಿನಿಂದ ಮೇಲೆತ್ತುತ್ತವೆ. ಮುಂದೆ ಹಳಿಯ ಮೇಲೆ ಸಾಗಿಸುವಾಗ ಎಷ್ಟೋ ಕಡೆ ಟ್ರಾಲಿಗಳ ಹೈಡ್ರಾಲಿಕ್ ಜಾಕುಗಳು ಭಾರ ಹಂಚಿಕೊಳ್ಳುತ್ತವೆ. 2022ರ ಡಿಸೆಂಬರಿನಲ್ಲಿ ತೆರೆದ ಝುವಾರಿಯ ಹೊಸ ತೂಗುಕೇಬಲ್ ಸೇತುವೆಯಂಥವುಗಳಲ್ಲಿ ಕೇಬಲ್ಲುಗಳನ್ನು ಬಿಗಿಯುವುದೂ ಜಾಕುಗಳೇ. ದಾಬೋಲಿಗೆ ಇಳಿಯುವ ಏರ್‌ಬಸ್ 320 ವಿಮಾನ ನಮ್ಮ ತಲೆಯ ಮೇಲೆ ಚಕ್ರ ಬಿಡಿಸಿದಾಗ ಅದರ ಕೊಳವೆಗಳಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ 200 ಬಾರ್.

ರಾಡು ಉಜ್ಜಿಸಿಕೊಂಡು, ಹೊಸ ಕ್ರೋಮ್ ಲೇಪ ಹಚ್ಚಿಸಿಕೊಂಡು ಬರಲು ವಾರ ಹಿಡಿಯಿತು. ಜಾಕು ಕೂಡಿಸಿದ ಸಂಜೆ ಮತ್ತೆ ಹೋದೆ. ಸೀಲು ಕೂರಿಸುವ ಮುಂಚೆ ಮೇಸ್ತ್ರಿ ಕೈ ತೊಳೆದು ಬಂದಿದ್ದರಂತೆ. ಒಂದು ಕಣ ಮರಳು ಸಾಕು, ಇಷ್ಟೂ ಕೆಲಸ ಹಾಳು. ಟಿಪ್ಪರಿಗೆ ಜಲ್ಲಿ ತುಂಬಿಸಿ ಡಾಲಾ ಅರ್ಧಕ್ಕೆ ಎತ್ತಿಸಿದರು, ಇಂಜಿನ್ ಆರಿಸಿದರು. ಕಬ್ಬಿಣದ ಊರುಗೋಲನ್ನು ನಾಲ್ಕು ಬೆರಳು ಸಂದು ಬಿಟ್ಟು ನಿಲ್ಲಿಸಿದರು. ರಾಡು ಸಿಲಿಂಡರಿನೊಳಗೆ ಹೋಗುವ ಬಾಯಿಗೆ ಸರಿಯಾಗಿ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದರು. ಡಾಲಾ ಕೂದಲೆಳೆ ಇಳಿದರೂ ಗೀಟು ಒಳಗೆ ಹೋಗಿ ಮರೆಯಾಗಬೇಕು.

ಚಹಾ ಬಂತು. ಹುಡುಗರು ಕೈಯ ಜಿಡ್ಡು ತೊಳೆದುಕೊಂಡರು. ಕತ್ತಲಾಗುತ್ತ ಬಂದಿತ್ತು. ಅರ್ಧ ಗಂಟೆಯ ಮೇಲೆ ಮೇಸ್ತ್ರಿ ಎದ್ದು, ಮೊಬೈಲಿನ ಬೆಳಕು ಹಿಡಿದು ಬಗ್ಗಿ ನೋಡಿದರು.

“ಬರ್ರಿ, ನೀವೂ ನೋಡ್ರಿ.”

ಸುಣ್ಣದ ಗೀಟು ಎಳೆದಲ್ಲೇ ಇತ್ತು.