ಹಾಲು ಕರೆಯುವ ಕೈಗೆ ಜೋಮು ಹಿಡಿದರೆ



ಡೈರಿಗೆ ಹಾಲು ಬರುವುದು ನಿಮ್ಮ ಕೈಯಿಂದ. ಆ ಕೈ ನಡುರಾತ್ರಿ ಜೋಮು ಹಿಡಿದು, ಕೊಡವಿದರೆ ಸರಿಹೋಗುತ್ತದೆಯೆ? ವಾತ ಅಂತ ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ. ಮಣಿಕಟ್ಟಿನಲ್ಲೊಂದು ಕಿರಿದಾದ ಕಂಡಿ ಇದೆ. ಬೆರಳು ಮಡಿಸುವ 9 ಸ್ನಾಯುರಜ್ಜುಗಳ ಜೊತೆ ಒಂದು ನರವೂ ಅದರಲ್ಲೇ ತೂರಬೇಕು. ಮಣಿಕಟ್ಟು ಬಗ್ಗಿಸಿ ದಿನವೂ ಬಿಗಿಯಾಗಿ ಹಿಂಡಿದರೆ ಆ ನರ ಅದುಮಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತವೆ. ಕಿರುಬೆರಳಿಗೆ ಮಾತ್ರ ಏನೂ ಆಗದು, ಗುರುತು ಅದೇ. ಬಸುರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ಹೆಚ್ಚು.

ಹೆಬ್ಬೆರಳು ಮಡಚಿ ಕರೆಯುವ ರೂಢಿ ಬಿಡಿ, ಹಸುವಿನ ಮೊಲೆಗೂ ಅದು ಕೇಡು. ಮುಷ್ಟಿ ತುಂಬ ಹಿಡಿದು, ಮಣಿಕಟ್ಟು ನೇರವಿಟ್ಟು ಕರೆಯಿರಿ. ಸರದಿ ಹಾಕಿಕೊಳ್ಳಿ, ಗಂಡಸರೂ ಕರೆಯಬಹುದಲ್ಲ! ರಾತ್ರಿ ಮಣಿಕಟ್ಟು ಬಾಗದಂತೆ ಪಟ್ಟಿ ಕಟ್ಟಿ ಮಲಗಿ. ಹೆಬ್ಬೆರಳ ಬುಡದ ಮಾಂಸ ಕರಗುತ್ತಿದ್ದರೆ, ಚೆಂಬು ಕೈಜಾರುತ್ತಿದ್ದರೆ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಬನ್ನಿ. ತಡವಾದರೆ ಹೋದ ಬಲ ಮರಳುವುದು ಕಷ್ಟ.