ರಾತ್ರಿ ಒಂಬತ್ತರ ಗುಂಡ್ಲುಪೇಟೆ

ಪಟ್ಟಣವಾಸಿಗಳಿಗೆ ರಾತ್ರಿಯೆಂದರೆ ದೀಪಗಳ ಸಾಲು, ಸಿನಿಮಾದ ಎರಡನೆಯ ಆಟ, ಹೋಟೆಲುಗಳ ಗದ್ದಲ. ಸಂಸಾರ ಸಮೇತರಾಗಿ ಪ್ರವಾಸ ಹೊರಟವರು ಹೋದ ಊರಿನಲ್ಲಿಯೂ ಇದನ್ನೇ ಅರಸುವುದುಂಟು. ಗುಂಡ್ಲುಪೇಟೆಯ ರಾತ್ರಿಯ ರೀತಿಯೇ ಬೇರೆ. ಮೈಸೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಈ ಊರಿನಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಕವಲು ಉದಕಮಂಡಲಕ್ಕೆ, ಇನ್ನೊಂದು ವಯನಾಡಿಗೆ. ಎರಡೂ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಕಾಡನ್ನು ಹಾಯ್ದೇ ಹೋಗತಕ್ಕವು. ರಾತ್ರಿ 9 ಗಂಟೆ ಹೊಡೆಯಿತೆಂದರೆ ಮೇಲುಕಾಮನಹಳ್ಳಿ ಮತ್ತು ಮದ್ದೂರಿನ ತಪಾಸಣೆಯ ಗೇಟುಗಳು ಮುಚ್ಚುತ್ತವೆ. ಸಾಮಾನ್ಯ ವಾಹನಗಳಿಗೆ ಮತ್ತೆ ತೆರೆಯುವುದು ಬೆಳಗಿನ 6ಕ್ಕೆ.

ಈ ಕಟ್ಟಳೆ 2009ರದು. ವಾಹನಗಳ ಕಣ್ಣು ಕುಕ್ಕುವ ಬೆಳಕಿಗೆ ಬೆದರಿ ದಾರಿಯಲ್ಲೇ ನಿಂತುಬಿಡುವ ಜಿಂಕೆಗಳೂ, ರಸ್ತೆ ದಾಟುವ ಇತರ ಪ್ರಾಣಿಗಳೂ ಗಾಲಿಗಳಿಗೆ ಸಿಕ್ಕಿ ಸಾಯುತ್ತಿದ್ದುದನ್ನು ಕಂಡು ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ಸಂಚಾರವನ್ನು ನಿಲ್ಲಿಸಿದರು. 2010ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ಎತ್ತಿಹಿಡಿಯಿತು. ಆಂಬುಲೆನ್ಸುಗಳಿಗೂ ಕೆಲವು ಸರ್ಕಾರಿ ಬಸ್ಸುಗಳಿಗೂ ಮಾತ್ರ ವಿನಾಯಿತಿ.

ಇದು ಎಲ್ಲರಿಗೂ ಸಮ್ಮತವಾದ ವಿಷಯವೇನಲ್ಲ. ವಯನಾಡಿನ ವರ್ತಕರಿಗೂ ಪ್ರಯಾಣಿಕರಿಗೂ ಇದರಿಂದ ಆಗುವ ತೊಂದರೆ ಸುಳ್ಳಲ್ಲ. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ತರುಣರು ಉಪವಾಸವನ್ನೇ ಕೈಗೊಂಡರು. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಬಳಸುದಾರಿಯೊಂದು ಇದೆಯಾದರೂ ಅವಸರದಲ್ಲಿರುವವನಿಗೆ ಬಳಸುದಾರಿ ಸಮಾಧಾನ ತರುವುದಿಲ್ಲ. ಆದರೆ ಮನುಷ್ಯನಿಗೆ ಇನ್ನೊಂದು ದಾರಿಯಾದರೂ ಉಂಟು. ನೀರಿಗಾಗಿ ರಸ್ತೆ ದಾಟುವ ಆನೆಯ ಹಿಂಡಿಗೆ ಇನ್ನೊಂದು ಕಾಡಿಲ್ಲ.

ಅಪಾಯವಿರುವುದು ಗೇಟು ಮುಚ್ಚುವುದರಲ್ಲಲ್ಲ, ಮುಚ್ಚುವ ಮುನ್ನ ದಾಟಿಬಿಡೋಣವೆಂಬ ಧಾವಂತದಲ್ಲಿ. ಹಸಿದ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಎಂಟೂವರೆಗೆ ಕಾರನ್ನು ಓಡಿಸುವ ಯಜಮಾನರು ಅದರ ಬದಲು ಊರಿನಲ್ಲೇ ತಂಗಿದರೆ ನಷ್ಟವೇನೂ ಇಲ್ಲ. ಇದು ರಾಗಿಯ ಸೀಮೆ. ಬಿಸಿ ಮುದ್ದೆ, ಹುರುಳಿಯ ಬಸ್ಸಾರು, ಸೊಪ್ಪಿನ ಪಲ್ಯ, ಕೊನೆಗೆ ಮಜ್ಜಿಗೆ: ಇದಕ್ಕಿಂತ ಹಿತವಾದ ರಾತ್ರಿಯೂಟ ದುರ್ಲಭ. ಮುದ್ದೆಯನ್ನು ಅಗಿಯದೆ ನುಂಗುವ ವಿದ್ಯೆಯನ್ನು ಪಟ್ಟಣದ ಮಕ್ಕಳು ಕಲಿಯುವುದಕ್ಕೂ ಇದೊಂದು ಸಂದರ್ಭ.

ಬೆಳಗಾದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸಮೀಪದಲ್ಲೇ ಇದೆ. ಎತ್ತರ 1454 ಮೀಟರ್. ಸ್ವಂತ ಕಾರುಗಳು ತಪ್ಪಲಿನಲ್ಲೇ ನಿಲ್ಲಬೇಕು. ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ದೇವರ ದರ್ಶನವಾದ ಮೇಲೆ ಭಕ್ತರೆಲ್ಲರೂ ಇಳಿದು ಬರತಕ್ಕದ್ದು. ಅಲ್ಲಿಯೂ ರಾತ್ರಿಯ ಒಡೆತನ ಮನುಷ್ಯನದಲ್ಲ.

ಮನುಷ್ಯರ ರಾತ್ರಿಯನ್ನು ನೋಡಬಯಸುವವರು ಪೂರ್ವಕ್ಕೆ, ಚಾಮರಾಜನಗರದ ಕಡೆಗೆ ತಿರುಗಬೇಕು. ಅರಿಕುಠಾರವೆಂಬ ಹೆಸರಿದ್ದ ಈ ಊರಿನಲ್ಲಿ 1774ರಲ್ಲಿ ಚಾಮರಾಜ ಒಡೆಯರು ಜನಿಸಿದರು. ಅವರ ಪುತ್ರ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಸುತ್ತಲಿನ ಹಳ್ಳಿಗಳು ನೀಲಗಾರರ ಮತ್ತು ಕಂಸಾಳೆಯವರ ನಾಡು. ತಂಬೂರಿಯನ್ನು ಹಿಡಿದು ಮಂಟೇಸ್ವಾಮಿಯ ಕಥೆಯನ್ನೂ, ಕಂಸಾಳೆಯ ತಾಳಕ್ಕೆ ಮಾದೇಶ್ವರನ ಮಹಿಮೆಯನ್ನೂ ಬೆಳಗಿನವರೆಗೆ ಹಾಡುವ ಪರಂಪರೆ ಅವರದು. ಹಬ್ಬ ಹರಿಕೆಗಳ ಕಾಲದಲ್ಲಿ ಹೋದವರಿಗೆ ಅಂತಹ ಒಂದು ಇರುಳು ದೊರೆತರೆ, ಎರಡನೆಯ ಆಟದ ಸಿನಿಮಾದ ನೆನಪು ಬಾರದು.

ಆದುದರಿಂದ, ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ಗಡಿಯಾರ ಎಂಟೂವರೆ ತೋರಿಸಿದಾಗ ಚಕ್ರ ತಿರುಗಿಸುವ ಬದಲು ಮೂಟೆ ಇಳಿಸುವುದೇ ಲೇಸು. ಕಾಡು ಬೆಳಗಾಗುವವರೆಗೆ ಕಾಯುತ್ತದೆ.