ಪೆನ್‌ಡ್ರೈವ್ ಕೈಕೊಡುವ ಮುನ್ನ

ಮಗಳ ಮದುವೆಯ ಫೋಟೋಗಳು, ಮೊಮ್ಮಗನ ನಾಮಕರಣದ ವಿಡಿಯೋ, ಈಗ ನಮ್ಮೊಡನಿಲ್ಲದ ಅತ್ತೆಯವರು ಹಾಡಿದ ಆರತಿ ಹಾಡು—ಇವೆಲ್ಲ ನಿಮ್ಮ ಮನೆಯಲ್ಲಿ ಎಲ್ಲಿವೆ? “ಸ್ಟುಡಿಯೋದವರು ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟಿದ್ದಾರೆ, ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೀನಿ” ಎನ್ನುತ್ತೀರಾ? ಹಾಗಾದರೆ ಈ ಮಾತು ನಿಮಗೇ. ಪೆನ್‌ಡ್ರೈವ್ ಎಂಬುದು ಸಾಮಾನು ಒಯ್ಯುವ ಕೈಚೀಲ. ಒಡವೆ ಕಾಪಾಡುವ ಪೆಟ್ಟಿಗೆಯಲ್ಲ.

ಕೆಡುವುದೇಕೆ?

ಅದರೊಳಗಿನ ಪುಟ್ಟ ಚಿಪ್‌ನಲ್ಲಿ ಕೋಟ್ಯಂತರ ಸೂಕ್ಷ್ಮ ಕೋಶಗಳಿವೆ. ಅವು ಹಿಡಿದಿಟ್ಟುಕೊಂಡ ವಿದ್ಯುದಂಶವೇ ನಿಮ್ಮ ಫೋಟೋ, ನಿಮ್ಮ ಹಾಡು. ಬರೆದು ಅಳಿಸಿ ಮಾಡಿದಷ್ಟೂ ಕೋಶಗಳು ಸವೆಯುತ್ತವೆ. ವರ್ಷಗಟ್ಟಲೆ ಮುಟ್ಟದೆ ಇಟ್ಟರೂ ವಿದ್ಯುದಂಶ ಮೆಲ್ಲಗೆ ಸೋರಿಹೋಗುತ್ತದೆ. ಸೆಖೆಯಿದ್ದ ಕಡೆ ಇನ್ನೂ ಬೇಗ.

ಕೆಡುವ ಮೊದಲು ಅನೇಕ ಸಲ ಸೂಚನೆ ಸಿಗುತ್ತದೆ. ಫೈಲು ತೆರೆಯಲು ವಿಪರೀತ ಹೊತ್ತು ಹಿಡಿಯುವುದು, ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುವುದು, ಸ್ವಲ್ಪ ಅಲುಗಿದರೆ ಕಂಪ್ಯೂಟರಿನಿಂದ ಮಾಯವಾಗುವುದು, “ಫಾರ್ಮ್ಯಾಟ್ ಮಾಡಬೇಕು” ಎಂದು ಕಂಪ್ಯೂಟರ್ ಹೇಳುವುದು—ಇವು ಕಂಡರೆ “ಮಗ ಹಬ್ಬಕ್ಕೆ ಬರಲಿ, ಆಮೇಲೆ ನೋಡೋಣ” ಎನ್ನಬೇಡಿ.

ಸೂಚನೆ ಕಂಡಾಗ ಹೀಗೆ ಮಾಡಿ

1. ಫಾರ್ಮ್ಯಾಟ್‌ಗೆ ಒಪ್ಪಬೇಡಿ. ಆ ಪೆನ್‌ಡ್ರೈವ್‌ಗೆ ಹೊಸದಾಗಿ ಏನನ್ನೂ ಹಾಕಬೇಡಿ.

2. ಕಂಪ್ಯೂಟರಿನ ಬೇರೆ ಕಿಂಡಿಗೆ, ಸಾಧ್ಯವಾದರೆ ಬೇರೆ ಕಂಪ್ಯೂಟರಿಗೇ ಹಾಕಿ ನೋಡಿ. ಕೆಲವೊಮ್ಮೆ ದೋಷ ಕಿಂಡಿಯದೇ ಆಗಿರುತ್ತದೆ.

3. ಫೈಲುಗಳು ಕಂಡವೇ? ತಡಮಾಡದೆ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಮತ್ತೆ ಸಿಗದಂಥವು ಮೊದಲು, ಸಿನಿಮಾ ಹಾಡುಗಳು ಕೊನೆಗೆ. ಒಂದು ಫೈಲು ಹಟ ಹಿಡಿದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ‘ಶಾರ್ಟ್‌ಕಟ್’ ಆಗಿ ಕಂಡರೆ ಗಾಬರಿ ಬೇಡ. ಅದು ವೈರಸ್ ಕಾಟ. ಸಾಮಾನ್ಯವಾಗಿ ಫೈಲುಗಳು ಅಲ್ಲೇ ಅಡಗಿರುತ್ತವೆ. ಶಾರ್ಟ್‌ಕಟ್ ಒತ್ತದೆ, ಕಂಪ್ಯೂಟರ್ ಬಲ್ಲವರಿಗೆ ತೋರಿಸಿ.

ಅಳಿಸಿಹೋದದ್ದು ಮರಳಿ ಬಂದೀತೇ?

ಎಷ್ಟೋ ಸಲ ಬರುತ್ತದೆ. ಫೈಲು ಅಳಿಸಿದಾಗ ಹೋಗುವುದು ಪುಸ್ತಕದ ಪರಿವಿಡಿಯಲ್ಲಿನ ಸಾಲು ಮಾತ್ರ, ಒಳಗಿನ ಪುಟಗಳಲ್ಲ. ಆ ಪುಟಗಳ ಮೇಲೆ ಹೊಸದನ್ನು ಬರೆದರೆ ಮಾತ್ರ ಆಸೆ ಬಿಡಬೇಕು. ಇದಕ್ಕೆಂದೇ ಫೋಟೋರೆಕ್ ಎಂಬ ಉಚಿತ ತಂತ್ರಾಂಶವಿದೆ. ಪರಿವಿಡಿಯನ್ನು ನಂಬದೆ, ಒಳಗಿನ ಗುರುತು ಹಿಡಿದು ಫೋಟೋಗಳನ್ನು ಹುಡುಕಿ ತೆಗೆಯುತ್ತದೆ. ಫೈಲಿನ ಹಳೆಯ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ. ಮುಖ ನೋಡಿ ಮತ್ತೆ ಹೆಸರಿಟ್ಟರಾಯಿತು! ಸಿಕ್ಕಿದ್ದನ್ನು ಅದೇ ಪೆನ್‌ಡ್ರೈವ್‌ಗೆ ಉಳಿಸಬೇಡಿ, ಕಂಪ್ಯೂಟರಿಗೆ ಉಳಿಸಿ.

ಮೂತಿ ಮುರಿದಿದ್ದರೆ, ಯಾವ ಕಂಪ್ಯೂಟರಿನಲ್ಲೂ ಕಾಣಿಸದಿದ್ದರೆ ಮನೆಯಲ್ಲಿ ಪ್ರಯೋಗ ಬೇಡ. ದತ್ತಾಂಶ ಮರಳಿ ತೆಗೆಯುವುದನ್ನೇ ಕಸುಬು ಮಾಡಿಕೊಂಡವರು ನಗರಗಳಲ್ಲಿದ್ದಾರೆ. ಖರ್ಚು ಸಾವಿರಗಳಲ್ಲಿ ಆದೀತು. ಎಷ್ಟೆಂದು ಮೊದಲೇ ಕೇಳಿ. ಯಾವ ಅಂಗಡಿಗೆ ಕೊಟ್ಟರೂ “ನನಗೆ ಪೆನ್‌ಡ್ರೈವ್ ಬೇಡ, ಒಳಗಿರೋದು ಬೇಕು. ಫಾರ್ಮ್ಯಾಟ್ ಮಾಡ್ಬೇಡಿ” ಎಂದು ಬಾಯಿಬಿಟ್ಟು ಹೇಳಿ.

ಮೂರು ಕಡೆ ಇಡಿ

ಬಲ್ಲವರ ಸೂತ್ರ ಸರಳವಾಗಿದೆ: 3 ಪ್ರತಿ, 2 ಬಗೆಯ ಸಾಧನ, ಅದರಲ್ಲಿ 1 ಮನೆಯ ಹೊರಗೆ. ಕಂಪ್ಯೂಟರಿನಲ್ಲೊಂದು, ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕ್‌ನಲ್ಲೊಂದು, ಊರಿನಲ್ಲಿರುವ ತಂಗಿಯ ಮನೆಯಲ್ಲೋ ಗೂಗಲ್ ಡ್ರೈವ್‌ನಲ್ಲೋ ಮತ್ತೊಂದು. ಮದುವೆಯ ಫೋಟೋಗಳನ್ನಂತೂ ಕೈಗೆ ಬಂದ ವಾರದಲ್ಲೇ ನಕಲು ಮಾಡಿ. ಸ್ಟುಡಿಯೋದವರು ತಮ್ಮ ಪ್ರತಿಯನ್ನು ಎಂದೆಂದಿಗೂ ಇಟ್ಟುಕೊಂಡಿರುವುದಿಲ್ಲ.

ಕೊಳ್ಳುವಾಗಲೂ ಎಚ್ಚರ. ಕೆಲವೇ ನೂರು ರೂಪಾಯಿಗೆ “2 ಟಿಬಿ” ಪೆನ್‌ಡ್ರೈವ್ ಎಂದರೆ ನಂಬಬೇಡಿ. ಅದರಲ್ಲಿ ನಿಜವಾಗಿ ಇರುವ ಜಾಗ ಅಲ್ಪ. ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು.

ಆಯುಧಪೂಜೆಯ ದಿನ ಹೇಗೂ ಕಂಪ್ಯೂಟರಿನ ಧೂಳು ಒರೆಸಿ ಕುಂಕುಮ ಇಡುತ್ತೀರಿ. ಅದರ ಹಿಂದಿನ ದಿನ ಎಲ್ಲ ಪ್ರತಿಗಳನ್ನೂ ಒಮ್ಮೆ ತೆರೆದು ನೋಡುವ ರೂಢಿ ಇಟ್ಟುಕೊಳ್ಳಿ. ಒಂದು ಕೆಟ್ಟಿದ್ದರೆ ಇನ್ನೊಂದರಿಂದ ಹೊಸ ಪ್ರತಿ ಮಾಡಿ. ಅರ್ಧ ದಿನದ ಕೆಲಸ. ಅತ್ತೆಯವರ ಹಾಡು ಮೊಮ್ಮಕ್ಕಳಿಗೂ ಕೇಳಿಸುತ್ತದೆ.